ಗಣಕಯಂತ್ರದ ಆಕ್ಷೇಪಣೆಗಳು

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಶಾಸನಗಳಿಗೆ ಹೆಸರಾದ ಸೀಮೆ. ತಾಳಗುಂದ, ಬಳ್ಳಿಗಾವಿ, ಕುಪ್ಪಟೂರು, ಉದ್ರಿ ಮೊದಲಾದ ಊರುಗಳಲ್ಲಿ ಶತಮಾನಗಳ ಹಿಂದಿನ ಬರೆಹವುಳ್ಳ ಕಲ್ಲುಗಳು ಇಂದಿಗೂ ನಿಂತಿವೆ. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ ಗ್ರಂಥಮಾಲೆಯಲ್ಲಿ ಶಿಕಾರಿಪುರದ ಶಾಸನಗಳು 1902ರಲ್ಲಿ ಹೊರಬಂದ ಏಳನೆಯ ಸಂಪುಟದಲ್ಲಿಯೂ, ಸೊರಬದ ಶಾಸನಗಳು 1904ರಲ್ಲಿ ಹೊರಬಂದ ಎಂಟನೆಯ ಸಂಪುಟದಲ್ಲಿಯೂ ಅಚ್ಚಾಗಿವೆ.

ಈ ಶಾಸನಗಳು ಕಾಲವನ್ನು ಹೇಳುವ ರೀತಿ ಗಮನಿಸತಕ್ಕದ್ದು. ಶಕವರ್ಷ ಇಷ್ಟನೆಯದು, ಸಂವತ್ಸರದ ಹೆಸರು ಇಂಥದು, ಮಾಸ ಇದು, ಪಕ್ಷ ಇದು, ತಿಥಿ ಇದು, ವಾರ ಇದು ಎಂದು ಒಂದೇ ದಿನವನ್ನು ಹಲವು ಬಗೆಯಾಗಿ ಹೇಳುವುದು ಅವುಗಳಲ್ಲಿ ಅನೇಕವುಗಳ ಪದ್ಧತಿ. ಮೇಲ್ನೋಟಕ್ಕೆ ಇದು ಅನಾವಶ್ಯಕವಾದ ಪುನರುಕ್ತಿಯೆಂದು ತೋರಬಹುದು. ಆದರೆ ಸಂಶೋಧಕನಿಗೆ ಈ ಪುನರುಕ್ತಿಯೇ ವರ. ಶಕವರ್ಷವೂ ಸಂವತ್ಸರವೂ ಒಂದಕ್ಕೊಂದು ಹೊಂದದಿದ್ದರೆ, ತಿಥಿಗೂ ವಾರಕ್ಕೂ ತಾಳೆಯಾಗದಿದ್ದರೆ, ಎಲ್ಲಿಯೋ ಏನೋ ತಪ್ಪಿದೆಯೆಂದು ಅವನಿಗೆ ಒಡನೆಯೇ ತಿಳಿಯುವುದು. ಕಲ್ಲುಕುಟಿಗನ ಕೈ ತಪ್ಪಿರಬಹುದು. ಓದಿದವರ ಕಣ್ಣು ತಪ್ಪಿರಬಹುದು. ಶಾಸನವೇ ಮುಂದಿನ ಕಾಲದಲ್ಲಿ ಯಾರೋ ಸೃಷ್ಟಿಸಿದ ಕೂಟಶಾಸನವಾಗಿರಬಹುದು. ತಾಳೆಯಾಗದ ತಿಥಿಯು ‘ಇಲ್ಲಿ ನಿಂತು ನೋಡು’ ಎಂದು ಮಾತ್ರ ಹೇಳುವುದು. ತಪ್ಪು ಯಾರದೆಂದು ಹೇಳಲಾರದು.

ಗಣಕಯಂತ್ರಕ್ಕೆ ಆದೇಶಗಳನ್ನು, ಅಂದರೆ ಪ್ರೋಗ್ರಾಮನ್ನು, ಬರೆಯಲು ಕಲಿಯುವ ವಿದ್ಯಾರ್ಥಿಗೆ ಎದುರಾಗುವ ದೋಷಸಂದೇಶಗಳ ಮರ್ಮವೂ ಇದೇ. ನಾಲ್ಕು ಸಾಲು ಬರೆದು ನಡೆಸಿದೊಡನೆಯೇ ತೆರೆಯ ಮೇಲೆ ಇಂಗ್ಲಿಷಿನಲ್ಲಿ ಐದಾರು ಸಾಲುಗಳು ಮೂಡುವುವು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಯಂತೂ ಅದನ್ನು ಬೈಗುಳವೆಂದೇ ಭಾವಿಸಿ, ಈ ವಿದ್ಯೆ ತನಗೆ ಒಗ್ಗುವಂಥದಲ್ಲವೆಂದು ಕೈಬಿಡುವುದುಂಟು. ಇದು ದೊಡ್ಡ ನಷ್ಟ. ಆ ಸಾಲುಗಳು ಬೈಗುಳವೂ ಅಲ್ಲ, ತೀರ್ಪೂ ಅಲ್ಲ. ‘ನೀನು ಹೇಳಿದ ಎರಡು ಮಾತುಗಳು ಒಂದಕ್ಕೊಂದು ಹೊಂದುತ್ತಿಲ್ಲ’ ಎಂಬ ವರದಿ, ಅಷ್ಟೆ. ಅದನ್ನು ಓದುವ ಬಗೆಯನ್ನು ಅರಿತರೆ ಅರ್ಧ ವಿದ್ಯೆ ಕೈವಶವಾದಂತೆ.

ಒಂದು ಚಿಕ್ಕ ಲೆಕ್ಕ

ಶಾಸನಗಳಿಂದಲೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಪ್ರಭವದಿಂದ ಅಕ್ಷಯದವರೆಗೆ ಸಂವತ್ಸರಗಳು ಅರವತ್ತು. ದಕ್ಷಿಣದ ಪದ್ಧತಿಯಂತೆ, ಗತಿಸಿದ ಶಕವರ್ಷಗಳ ಸಂಖ್ಯೆಗೆ 12ನ್ನು ಕೂಡಿಸಿ 60ರಿಂದ ಭಾಗಿಸಿದರೆ ಬರುವ ಶೇಷವೇ ಸಂವತ್ಸರದ ಕ್ರಮಸಂಖ್ಯೆ. ಶೇಷ ಸೊನ್ನೆಯಾದರೆ ಅದು ಅರವತ್ತನೆಯದಾದ ಅಕ್ಷಯ. ಬಳ್ಳಿಗಾವಿಯನ್ನು ಆಳಿದ ಕಲ್ಯಾಣದ ಚಾಲುಕ್ಯರಲ್ಲಿ ಆರನೆಯ ವಿಕ್ರಮಾದಿತ್ಯನು ಕ್ರಿ. ಶ. 1076ರಲ್ಲಿ ತನ್ನ ಹೆಸರಿನ ಹೊಸ ಶಕೆಯನ್ನು ಆರಂಭಿಸಿದನಷ್ಟೆ. ಆಗ ಗತಿಸಿದ್ದ ಶಕವರ್ಷಗಳು 998. ಇದಕ್ಕೆ 12 ಕೂಡಿಸಿದರೆ 1010; 60ರಿಂದ ಭಾಗಿಸಿದರೆ ಶೇಷ 50. ಐವತ್ತನೆಯ ಸಂವತ್ಸರ ನಳ. ಚಾಲುಕ್ಯ ವಿಕ್ರಮಶಕೆಯ ಮೊದಲ ವರ್ಷವು ನಳ ಸಂವತ್ಸರವೆಂಬುದು ಇತಿಹಾಸಕ್ಕೂ ಒಪ್ಪಿದ ಮಾತು.

ಈ ಲೆಕ್ಕವನ್ನು ಪೈಥಾನ್ ಎಂಬ ಭಾಷೆಯಲ್ಲಿ ಬರೆಯೋಣ. ಗೀಡೋ ವಾನ್ ರಾಸಮ್ ಎಂಬ ಡಚ್ ಪ್ರೋಗ್ರಾಮರರು ರೂಪಿಸಿದ ಈ ಭಾಷೆ 1991ರಲ್ಲಿ ಮೊದಲು ಬಳಕೆಗೆ ಬಂದಿತು. 2008ರಲ್ಲಿ ಬಂದ ಅದರ ಮೂರನೆಯ ಆವೃತ್ತಿಯಿಂದ ಈಚೆಗೆ, ನಾವು ಇಡುವ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆಯಲು ಅವಕಾಶವುಂಟು. ಅರವತ್ತು ಸಂವತ್ಸರಗಳನ್ನು ‘ಹೆಸರುಗಳು’ ಎಂಬ ಪಟ್ಟಿಯಲ್ಲಿ ಮೊದಲೇ ಬರೆದಿಟ್ಟಿದ್ದೇವೆ ಎಂದುಕೊಂಡರೆ, ಉಳಿದುದು ಮೂರೇ ಸಾಲು:

ಶಕ = ಇನ್‌ಪುಟ್()
ಕ್ರಮ = (ಶಕ + 12) % 60
ಪ್ರಿಂಟ್(ಹೆಸರುಗಳು[ಕ್ರಮ])

ಮೊದಲ ಸಾಲು ಕೀಲಿಮಣೆಯಿಂದ ವರ್ಷವನ್ನು ಪಡೆಯುವುದು. ಎರಡನೆಯದು ಶೇಷವನ್ನು ಕಂಡುಹಿಡಿಯುವುದು. ಮೂರನೆಯದು ಪಟ್ಟಿಯಿಂದ ಹೆಸರನ್ನು ತೆಗೆದು ತೋರಿಸುವುದು. ಇನ್‌ಪುಟ್, ಪ್ರಿಂಟ್ ಎಂಬ ಭಾಷೆಯ ಸ್ವಂತ ಪದಗಳನ್ನೂ ಮುಂದೆ ಬರುವ ಸಂದೇಶಗಳನ್ನೂ ಯಂತ್ರದಲ್ಲಿ ರೋಮನ್ ಲಿಪಿಯಲ್ಲಿ ಕಾಣುವಿರಿ. ಇಲ್ಲಿ ಅವನ್ನು ಉಚ್ಚಾರಣೆಯಂತೆ ಕನ್ನಡ ಅಕ್ಷರಗಳಲ್ಲಿ ಕೊಟ್ಟಿದೆ. ಈ ಮೂರು ಸಾಲುಗಳಲ್ಲಿ ಎರಡು ತಪ್ಪುಗಳು ಅಡಗಿವೆ. ಒಂದನ್ನು ಯಂತ್ರವು ತಾನೇ ಹೇಳುವುದು, ಇನ್ನೊಂದನ್ನು ಹೇಳದು.

ನಡೆಯುವ ಮುನ್ನವೇ ಬರುವ ಆಕ್ಷೇಪಣೆ

ಪ್ರೋಗ್ರಾಮನ್ನು ನಡೆಸುವ ಮೊದಲು ಯಂತ್ರವು ಅದನ್ನು ಒಮ್ಮೆ ಓದಿ, ವಾಕ್ಯರಚನೆ ಸರಿಯಾಗಿದೆಯೆ ಎಂದು ನೋಡುವುದು. ಇದರಲ್ಲಿ ಕುಂದು ಕಂಡರೆ ‘ಸಿಂಟ್ಯಾಕ್ಸ್ ಎರರ್’ ಎಂಬ ಸಂದೇಶ ಬರುವುದು. ಸಿಂಟ್ಯಾಕ್ಸ್ ಎಂದರೆ ವಾಕ್ಯರಚನೆ. ವ್ಯಾಕರಣ ಕೆಟ್ಟ ವಾಕ್ಯದ ಅರ್ಥವನ್ನು ಊಹಿಸುವ ಗೋಜಿಗೆ ಯಂತ್ರವು ಹೋಗುವುದಿಲ್ಲ. ಆ ಕಡತದ ಒಂದು ಸಾಲನ್ನೂ ನಡೆಸುವುದಿಲ್ಲ.

ಕನ್ನಡಿಗರಿಗೇ ವಿಶೇಷವಾದ ಒಂದು ಸಂದರ್ಭವನ್ನು ನೋಡಿ. ಶಾಸನದ ವರ್ಷವಲ್ಲವೆ ಎಂದು ಪ್ರೋಗ್ರಾಮಿನಲ್ಲಿ ‘ಶಕ = ೯೯೮’ ಎಂದು ಕನ್ನಡ ಅಂಕಿಗಳಲ್ಲಿ ಬರೆದರೆ, ‘ಇನ್‌ವ್ಯಾಲಿಡ್ ಕ್ಯಾರೆಕ್ಟರ್’, ಅಂದರೆ ಇಲ್ಲಿ ಸಲ್ಲದ ಅಕ್ಷರ, ಎಂಬ ಆಕ್ಷೇಪಣೆ ಬರುವುದು. ಹೆಸರುಗಳಿಗೆ ಕನ್ನಡ ಸಲ್ಲುವುದಾದರೂ, ಪ್ರೋಗ್ರಾಮಿನೊಳಗೆ ಬರೆಯುವ ಸಂಖ್ಯೆಗಳಿಗೆ 0ಯಿಂದ 9ರವರೆಗಿನ ಅಂಕಿಗಳೇ ಆಗಬೇಕು. ಇನ್ನೊಂದು ತೊಡಕು ಕಣ್ಣಿಗೇ ಕಾಣದು. ‘ಮ್ಯಾಪ್‌ಗಳು’ ಎಂಬಂಥ ಮಾತಿನಲ್ಲಿ ಪಕಾರವೂ ಗಕಾರವೂ ಒತ್ತಕ್ಷರವಾಗದಂತೆ ತಡೆಯಲು ನಾವು ನಡುವೆ ಒಂದು ಅದೃಶ್ಯ ಚಿಹ್ನೆಯನ್ನು ಒತ್ತುತ್ತೇವೆ. ಅಂಥ ಮಾತನ್ನು ಹೆಸರಾಗಿ ಇಟ್ಟರೆ ‘ಇನ್‌ವ್ಯಾಲಿಡ್ ನಾನ್-ಪ್ರಿಂಟಬಲ್ ಕ್ಯಾರೆಕ್ಟರ್’ ಎಂಬ ಸಂದೇಶ ಬರುವುದು. ಸಾಲನ್ನು ನೂರು ಸಲ ನೋಡಿದರೂ ತಪ್ಪು ಕಾಣದು. ‘ಮುದ್ರಣದಲ್ಲಿ ಕಾಣದ ಅಕ್ಷರ’ ಎಂಬ ಸಂದೇಶದ ಮಾತನ್ನು ಓದಿದವನಿಗೆ ಮಾತ್ರ ಅದು ಹೊಳೆಯುವುದು.

ನಡೆಯುವಾಗ ಎದುರಾಗುವ ತೊಡಕು

ವಾಕ್ಯರಚನೆ ಸರಿಯಿದ್ದರೂ ಆದೇಶವನ್ನು ನಡೆಸಲಾಗದ ಸಂದರ್ಭಗಳು ಬರುವುದುಂಟು. ನಮ್ಮ ಮೂರು ಸಾಲುಗಳನ್ನು ನಡೆಸಿ 998 ಎಂದು ಒತ್ತಿದರೆ, ಎರಡನೆಯ ಸಾಲಿನಲ್ಲಿ ಯಂತ್ರವು ನಿಂತುಬಿಡುವುದು. ಬರುವ ಸಂದೇಶ: ‘ಟೈಪ್ ಎರರ್: ಕ್ಯಾನ್ ಓನ್ಲಿ ಕಾನ್‌ಕ್ಯಾಟಿನೇಟ್ ಎಸ್‌ಟಿಆರ್ (ನಾಟ್ ಇಂಟ್) ಟು ಎಸ್‌ಟಿಆರ್’. ಅಕ್ಷರಗಳ ಸಾಲಿಗೆ ಅಕ್ಷರಗಳ ಸಾಲನ್ನಷ್ಟೇ ಜೋಡಿಸಬಹುದು, ಪೂರ್ಣಾಂಕವನ್ನಲ್ಲ ಎಂದು ಇದರ ತಾತ್ಪರ್ಯ.

ಇಲ್ಲಿ ಅಕ್ಷರಗಳ ಸಾಲು ಎಲ್ಲಿಂದ ಬಂದಿತು? ಕೀಲಿಮಣೆಯಿಂದ ಬಂದುದೆಲ್ಲವನ್ನೂ ಪೈಥಾನ್ ಬರಿಯ ಬರೆಹವೆಂದೇ ಎಣಿಸುವುದು. 998 ಎಂದು ಒತ್ತಿದಾಗ ಅದಕ್ಕೆ ಸಿಕ್ಕಿದುದು ಒಂಬೈನೂರ ತೊಂಬತ್ತೆಂಟು ಎಂಬ ಮೊತ್ತವಲ್ಲ. 9, 9, 8 ಎಂಬ ಮೂರು ಚಿಹ್ನೆಗಳು. ಆದುದರಿಂದ ತಪ್ಪು ಇರುವುದು ಮೊದಲನೆಯ ಸಾಲಿನಲ್ಲಿ. ವಿರೋಧ ಬಯಲಾದುದು ಎರಡನೆಯ ಸಾಲಿನಲ್ಲಿ. ಸಂದೇಶವು ತೋರಿಸುವುದು ವಿರೋಧ ಕಂಡುಬಂದ ಸ್ಥಳವನ್ನು. ತಪ್ಪು ಹುಟ್ಟಿದ ಸ್ಥಳವನ್ನಲ್ಲ. ಇದೊಂದನ್ನು ನೆನಪಿಟ್ಟರೆ ವಿದ್ಯಾರ್ಥಿಯ ಎಷ್ಟೋ ಗಂಟೆಗಳು ಉಳಿಯುವುವು.

ಪರಿಹಾರ ಸುಲಭ: ಮೊದಲ ಸಾಲನ್ನು ‘ಶಕ = ಇಂಟ್(ಇನ್‌ಪುಟ್())’ ಎಂದು ತಿದ್ದಬೇಕು. ‘ಇಂಟ್’ ಎಂಬುದು ಬರೆಹವನ್ನು ಪೂರ್ಣಾಂಕವಾಗಿ ಮಾರ್ಪಡಿಸುವುದು. ಸ್ವಾರಸ್ಯವೆಂದರೆ, ಪ್ರೋಗ್ರಾಮಿನೊಳಗೆ ಕನ್ನಡ ಅಂಕಿಗಳನ್ನು ಒಪ್ಪದ ಭಾಷೆ, ಹೊರಗಿನಿಂದ ಬಂದ ‘೯೯೮’ ಎಂಬ ಬರೆಹವನ್ನು ‘ಇಂಟ್’ ಮೂಲಕ ಕೊಟ್ಟರೆ ಸಂತೋಷದಿಂದ ಒಪ್ಪಿ 998 ಮಾಡಿಕೊಡುವುದು! ಆದರೆ ಶಾಸನದ ಧಾಟಿಯಲ್ಲಿ ‘998ನೆಯ’ ಎಂದು ಒತ್ತಿದರೆ ‘ವ್ಯಾಲ್ಯೂ ಎರರ್’ ಬರುವುದು. ವಸ್ತುವಿನ ಜಾತಿ ಸರಿ, ಬೆಲೆ ಸಲ್ಲದು ಎಂಬುದು ಇದರ ಅರ್ಥ. ಟೈಪ್ ಎಂದರೆ ಜಾತಿ, ವ್ಯಾಲ್ಯೂ ಎಂದರೆ ಬೆಲೆ; ಈ ಎರಡರ ಭೇದವನ್ನು ಅರಿತವನು ಆ ಎರಡು ಸಂದೇಶಗಳನ್ನೂ ಅರಿತನು.

ಇನ್ನು ‘ಹೆಸರುಗಳು’ ಎಂಬುದನ್ನು ಒಂದೆಡೆ ‘ಹೆಸರುಗಲು’ ಎಂದು ಬರೆದೆವೆನ್ನಿ. ಳಕಾರ ಲಕಾರಗಳ ವ್ಯತ್ಯಾಸವನ್ನು ನಮ್ಮ ಕಣ್ಣು ಮನ್ನಿಸಿದರೂ ಯಂತ್ರವು ಮನ್ನಿಸದು. ಅಂಥ ಹೆಸರನ್ನು ಯಾರೂ ಇಟ್ಟಿಲ್ಲವೆಂದು ‘ನೇಮ್ ಎರರ್’ ಕೊಡುವುದು. 2021ರ ಅಕ್ಟೋಬರಿನಲ್ಲಿ ಬಂದ 3.10ನೆಯ ಆವೃತ್ತಿಯಿಂದ ಈಚೆಗೆ, ‘ಹೆಸರುಗಳು ಎಂದು ನಿಮ್ಮ ಅಭಿಪ್ರಾಯವೆ?’ ಎಂದು ಹತ್ತಿರದ ಹೆಸರನ್ನು ಸೂಚಿಸುವ ಸೌಜನ್ಯವೂ ಅದಕ್ಕೆ ಬಂದಿದೆ. ಆದರೂ ಅದು ಊಹೆಯೇ. ಒಪ್ಪುವ ಹೊಣೆ ನಮ್ಮದು.

ಪ್ರೋಗ್ರಾಮ್ ದೊಡ್ಡದಾದಂತೆ ಸಂದೇಶವೂ ಉದ್ದವಾಗುವುದು. ಒಂದು ಭಾಗವು ಇನ್ನೊಂದನ್ನು ಕರೆದು, ಅದು ಮತ್ತೊಂದನ್ನು ಕರೆದು, ಕೊನೆಗೆ ಎಲ್ಲಿಯೋ ತೊಡಕಾದಾಗ, ಆ ಇಡೀ ಸರಪಳಿಯನ್ನು ಯಂತ್ರವು ಕ್ರಮವಾಗಿ ಬರೆದು ತೋರಿಸುವುದು. ಇದಕ್ಕೆ ‘ಟ್ರೇಸ್‌ಬ್ಯಾಕ್’ ಎಂದು ಹೆಸರು. ಹೆಜ್ಜೆ ಜಾಡನ್ನು ಹಿಡಿದು ಹಿಂದಕ್ಕೆ ಹೋಗುವುದೆಂದು ಅರ್ಥ. ಪೈಥಾನಿನಲ್ಲಿ ಇದನ್ನು ಕೊನೆಯ ಸಾಲಿನಿಂದ ಓದಲು ತೊಡಗಬೇಕು. ಏನಾಯಿತೆಂಬುದು ಕೊನೆಯ ಸಾಲಿನಲ್ಲಿಯೂ, ಎಲ್ಲಿ ಆಯಿತೆಂಬುದು ಅದರ ಮೇಲಿನ ಸಾಲುಗಳಲ್ಲಿಯೂ ಇರುವುದು. ಸಿ ಭಾಷೆಯಲ್ಲಿ ರೂಢಿ ಬೇರೆ. ಅಲ್ಲಿ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಮಾರ್ಪಡಿಸುವ ಕಂಪೈಲರು, ಒಂದು ಅರ್ಧವಿರಾಮ ಬಿಟ್ಟುಹೋದರೂ ದಾರಿತಪ್ಪಿ, ಮುಂದಿನ ಸರಿಯಾದ ಸಾಲುಗಳಲ್ಲಿಯೂ ತಪ್ಪು ಕಾಣುವುದುಂಟು. ಆದುದರಿಂದ ಅಲ್ಲಿ ಮೊದಲನೆಯ ಸಂದೇಶವನ್ನು ತಿದ್ದಿ ಮತ್ತೆ ನಡೆಸಬೇಕು. ಇಪ್ಪತ್ತು ತಪ್ಪುಗಳಲ್ಲಿ ಹತ್ತೊಂಬತ್ತು ತಾವಾಗಿಯೇ ಮಾಯವಾಗಬಹುದು.

ದೋಷವೆ? ಎಚ್ಚರಿಕೆಯೆ?

ಶಾಸನಗಳಿಗೆ ಒಮ್ಮೆ ಹಿಂದಿರುಗೋಣ. ಒಂದು ಕಲ್ಲಿನಲ್ಲಿ ಶಕವರ್ಷ 999, ನಳ ಸಂವತ್ಸರ ಎಂದು ಇದೆಯೆನ್ನಿ. ನಮ್ಮ ಲೆಕ್ಕದಂತೆ 999ಕ್ಕೆ ಬರಬೇಕಾದುದು ಪಿಂಗಳ. ಇದು ತಪ್ಪೆ? ಹಾಗೆಂದು ಒಡನೆಯೇ ತೀರ್ಮಾನಿಸಲಾಗದು. ಕೆಲವರು ಗತಿಸಿದ ವರ್ಷಗಳನ್ನು ಎಣಿಸುತ್ತಿದ್ದರು. ಕೆಲವರು ನಡೆಯುತ್ತಿರುವ ವರ್ಷವನ್ನೂ ಸೇರಿಸಿ ಎಣಿಸುತ್ತಿದ್ದರು. 998 ವರ್ಷಗಳು ಗತಿಸಿದಾಗ ನಡೆಯುವುದು 999ನೆಯ ವರ್ಷವೇ ಅಲ್ಲವೆ? ಹೀಗೆ ಒಂದು ವರ್ಷದ ಅಂತರ ಬಂದಾಗ ಸಂಶೋಧಕನು ಶಾಸನವನ್ನು ತಳ್ಳಿಹಾಕುವುದಿಲ್ಲ. ಎಣಿಕೆಯ ಪದ್ಧತಿ ಯಾವುದೆಂದು ವಿಚಾರಿಸುವನು. ಇಂಥ ತಾಳೆಗೆ ಆಧಾರವಾಗಿ ಸೀವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು 1896ರಲ್ಲಿ ‘ದಿ ಇಂಡಿಯನ್ ಕ್ಯಾಲೆಂಡರ್’ ಗ್ರಂಥವನ್ನೂ, ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರು 1922ರಲ್ಲಿ ‘ಆನ್ ಇಂಡಿಯನ್ ಎಫಿಮೆರಿಸ್’ ಎಂಬ ಬೃಹತ್ ಪಂಚಾಂಗಸಂಪುಟಗಳನ್ನೂ ಪ್ರಕಟಿಸಿದರು.

ಗಣಕದ ‘ವಾರ್ನಿಂಗ್’, ಅಂದರೆ ಎಚ್ಚರಿಕೆ, ಇದೇ ಜಾತಿಯದು. ದೋಷವಾದರೆ ಯಂತ್ರವು ನಿಲ್ಲುವುದು. ಎಚ್ಚರಿಕೆಯಾದರೆ ಸಂಶಯವನ್ನು ತಿಳಿಸಿ ಮುಂದುವರಿಯುವುದು. ಸಿ ಭಾಷೆಯಲ್ಲಿ ಎರಡು ಸಂಖ್ಯೆಗಳು ಸಮವೆ ಎಂದು ಕೇಳಲು ಎರಡು ಸಮಚಿಹ್ನೆಗಳನ್ನು ಬರೆಯಬೇಕು. ಒಂದನ್ನೇ ಬರೆದರೆ, ಕೇಳುವ ಬದಲು ಬಲಗಡೆಯ ಬೆಲೆಯನ್ನು ಎಡಗಡೆಗೆ ತುಂಬಿದಂತಾಗುವುದು. ವಾಕ್ಯರಚನೆಯ ದೃಷ್ಟಿಯಿಂದ ಅದು ತಪ್ಪಲ್ಲ. ಹಾಗೆ ಬರೆಯಬೇಕೆಂಬ ಉದ್ದೇಶವೂ ಇದ್ದಿರಬಹುದು. ಆದುದರಿಂದ ಕಂಪೈಲರು ನಿಲ್ಲಿಸದೆ, ಎಚ್ಚರಿಕೆ ಕೊಡುವ ಏರ್ಪಾಡು ಜಾರಿಯಲ್ಲಿದ್ದರೆ, ‘ಇದೇ ನಿಮ್ಮ ಇಷ್ಟವೆ?’ ಎಂಬಂತೆ ಸೂಚಿಸುವುದು. ‘ಡಿಪ್ರಿಕೇಶನ್ ವಾರ್ನಿಂಗ್’ ಎಂಬುದು ಇನ್ನೊಂದು ಬಗೆ: ಇಂದು ನಡೆಯುವ ಈ ಬಳಕೆ ಮುಂದಿನ ಆವೃತ್ತಿಗಳಲ್ಲಿ ನಿಂತುಹೋಗಲಿದೆ ಎಂದು ಮುಂಗಡವಾಗಿ ತಿಳಿಸುವುದು.

ಪ್ರೋಗ್ರಾಮ್ ನಡೆಯಿತಲ್ಲ ಎಂದು ಎಚ್ಚರಿಕೆಗಳನ್ನು ಅಲಕ್ಷಿಸುವುದು ವಿದ್ಯಾರ್ಥಿಗಳಲ್ಲಿ ಸಾಮಾನ್ಯ. ಆದರೆ ದೋಷಕ್ಕಿಂತ ಎಚ್ಚರಿಕೆಯನ್ನೇ ಹೆಚ್ಚು ಎಚ್ಚರದಿಂದ ಓದಬೇಕು. ನಿಂತ ಯಂತ್ರ ಯಾರನ್ನೂ ವಂಚಿಸಲಾರದು. ನಡೆಯುತ್ತಿರುವ ಯಂತ್ರ ತಪ್ಪು ಉತ್ತರವನ್ನು ಸರಿಯೆಂಬಂತೆ ಕೊಡಬಲ್ಲದು.

ಯಂತ್ರವು ಸುಮ್ಮನಿರುವ ತಪ್ಪು

ನಮ್ಮ ಪ್ರೋಗ್ರಾಮಿನ ಎರಡನೆಯ ತಪ್ಪು ಅಂಥದೇ. ತಿದ್ದಿದ ಮೇಲೆ 998 ಎಂದು ಕೊಟ್ಟರೆ ಅದು ಯಾವ ಆಕ್ಷೇಪಣೆಯೂ ಇಲ್ಲದೆ ಉತ್ತರಿಸುವುದು: ಪಿಂಗಳ. ಸರಿಯಾದ ಉತ್ತರ ನಳ. ಏಕೆ ಹೀಗಾಯಿತು? ಪೈಥಾನ್ ಪಟ್ಟಿಯನ್ನು ಒಂದರಿಂದಲ್ಲ, ಸೊನ್ನೆಯಿಂದ ಎಣಿಸುವುದು. ಅದರ ಎಣಿಕೆಯಲ್ಲಿ ಪ್ರಭವಕ್ಕೆ 0, ನಳಕ್ಕೆ 49, ಅಕ್ಷಯಕ್ಕೆ 59. ನಾವು 50 ಎಂದು ಕೇಳಿದೆವು. ಅದು ಐವತ್ತೊಂದನೆಯ ಹೆಸರನ್ನು ಕೊಟ್ಟಿತು.

ಒಬ್ಬ ವಿದ್ಯಾರ್ಥಿ, ಶೇಷ ಸೊನ್ನೆಯಾದರೆ ಅರವತ್ತನೆಯದೆಂಬ ನಿಯಮವನ್ನು ನೆನೆದು, ‘ಕ್ರಮ 0 ಆದರೆ 60 ಮಾಡು’ ಎಂಬ ಸಾಲನ್ನು ಸೇರಿಸಿದನೆನ್ನಿ. ಈಗ 1008 ಎಂದು ಕೊಟ್ಟರೆ, 12 ಕೂಡಿಸಿ 1020, ಶೇಷ ಸೊನ್ನೆ, ಕ್ರಮ 60. ಪಟ್ಟಿಯಲ್ಲಿ 60 ಎಂಬ ಸ್ಥಾನವೇ ಇಲ್ಲ. ‘ಇಂಡೆಕ್ಸ್ ಎರರ್: ಲಿಸ್ಟ್ ಇಂಡೆಕ್ಸ್ ಔಟ್ ಆಫ್ ರೇಂಜ್’, ಅಂದರೆ ಪಟ್ಟಿಯ ಮೇರೆಯ ಹೊರಗಣ ಸ್ಥಾನವೆಂದು ಸಂದೇಶ ಬರುವುದು. ಅವಸರದವನು 60 ಬಂದಾಗ ಮಾತ್ರ ಅಕ್ಷಯವೆಂದು ತೋರಿಸುವಂತೆ ಇನ್ನೊಂದು ತೇಪೆ ಹಚ್ಚುವನು. ಸಂದೇಶವೇನೋ ಮಾಯವಾಗುವುದು, ಆದರೆ ಉಳಿದ ಐವತ್ತೊಂಬತ್ತು ಸಂವತ್ಸರಗಳೂ ತಪ್ಪಾಗಿಯೇ ಉಳಿಯುವುವು. ಅರವತ್ತು ವರ್ಷಗಳಿಗೊಮ್ಮೆ ಮಾತ್ರ ಬಾಯಿಬಿಟ್ಟ ಆ ಸಂದೇಶ ಹೇಳಿದುದು ಅಕ್ಷಯವೊಂದರ ಮಾತನ್ನಲ್ಲ. ಇಡೀ ಎಣಿಕೆಯೇ ಒಂದು ಸ್ಥಾನ ಸರಿದಿದೆಯೆಂಬುದನ್ನು. ಅದನ್ನು ಅರಿತವನು ಆ ಎರಡು ತೇಪೆಗಳನ್ನೂ ಕಿತ್ತು, 12ರ ಬದಲು 11 ಎಂದು ತಿದ್ದುವನು. ಆಗ 998ಕ್ಕೆ ಶೇಷ 49, ನಳ. 1008ಕ್ಕೆ ಶೇಷ 59, ಅಕ್ಷಯ. ಎಲ್ಲವೂ ಸರಿಹೊಂದುವುದು.

ಆದರೆ ಆ ಸಂದೇಶವೂ ಬಾರದಿದ್ದರೆ? ಯಂತ್ರಕ್ಕೆ ನಮ್ಮ ಉದ್ದೇಶ ತಿಳಿಯದು. ನಾವು ಒಂದೇ ಸಲ ಹೇಳಿದ ಮಾತನ್ನು ಅದು ಯಾವುದರೊಡನೆ ತಾಳೆ ನೋಡಬೇಕು? ತಾಳಗುಂದದ ಪ್ರಸಿದ್ಧ ಕದಂಬ ಸ್ತಂಭಶಾಸನವನ್ನೇ ನೋಡಿ. ಅದರಲ್ಲಿ ಕಾಲನಿರ್ದೇಶವಿಲ್ಲ, ಆದುದರಿಂದ ತಾಳೆ ನೋಡಲು ತಿಥಿಯೂ ಇಲ್ಲ, ವಾರವೂ ಇಲ್ಲ. ವಿದ್ವಾಂಸರು ಲಿಪಿಯನ್ನೂ ಇತರ ಸಂಗತಿಗಳನ್ನೂ ಆಧರಿಸಿ ಅದನ್ನು ಐದನೆಯ ಶತಮಾನದ್ದೆಂದು ನಿರ್ಣಯಿಸಬೇಕಾಯಿತು. ಎರಡು ಮಾತು ಇಲ್ಲದೆಡೆ ವಿರೋಧ ಹುಟ್ಟದು, ವಿರೋಧವಿಲ್ಲದೆಡೆ ಸಂದೇಶವಿಲ್ಲ.

ಆದುದರಿಂದ ಜಾಣ ಪ್ರೋಗ್ರಾಮರನು ಎರಡನೆಯ ಮಾತನ್ನು ತಾನೇ ಬರೆದಿಡುವನು. ಪೈಥಾನಿನಲ್ಲಿ ಇದಕ್ಕೆ ‘ಅಸರ್ಟ್’ ಎಂಬ ಆದೇಶವುಂಟು. 998ಕ್ಕೆ ನಳ ಬರಲೇಬೇಕು, 1008ಕ್ಕೆ ಅಕ್ಷಯ ಬರಲೇಬೇಕು ಎಂದು ಇತಿಹಾಸದಿಂದಲೂ ಪಂಚಾಂಗದಿಂದಲೂ ನಿಶ್ಚಿತವಾಗಿ ತಿಳಿದ ಒಂದೆರಡು ಉತ್ತರಗಳನ್ನು ಅದರೊಡನೆ ಬರೆದಿಟ್ಟರೆ, ಲೆಕ್ಕ ತಪ್ಪಿದ ಕ್ಷಣವೇ ಯಂತ್ರವು ‘ಅಸರ್ಶನ್ ಎರರ್’ ಎಂದು ನಿಲ್ಲುವುದು. ಶಕವರ್ಷವನ್ನು ಬರೆಸಿದ ಮೇಲೆ ಸಂವತ್ಸರವನ್ನೂ ವಾರವನ್ನೂ ಬರೆಸಿದವರು ಅರಿತೋ ಅರಿಯದೆಯೋ ಮಾಡಿದ ಕೆಲಸ ಇದೇ.

ಸಂದೇಶವನ್ನು ಸಂದೇಶವೆಂದು ತಿಳಿಯದಿದ್ದರೆ

1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕುರೂ ಎಂಬಲ್ಲಿಂದ ಹಾರಿದ ಏರಿಯಾನ್-5 ರಾಕೆಟ್ ಸುಮಾರು ನಲವತ್ತು ಸೆಕೆಂಡುಗಳಲ್ಲಿ ದಾರಿತಪ್ಪಿ ಛಿದ್ರವಾಯಿತು. ಅದರ ಚಲನೆಯನ್ನು ಅಳೆಯುವ ಉಪಕರಣದಲ್ಲಿ, ರಾಕೆಟ್ಟಿನ ಅಡ್ಡವೇಗಕ್ಕೆ ಸಂಬಂಧಿಸಿದ ಒಂದು ದೊಡ್ಡ ಸಂಖ್ಯೆಯನ್ನು 16 ಬಿಟ್‌ಗಳ ಪೂರ್ಣಾಂಕವಾಗಿ ಮಾರ್ಪಡಿಸುವ ಆದೇಶವಿತ್ತು. ಅಂಥ ಪೂರ್ಣಾಂಕದಲ್ಲಿ ಹಿಡಿಸುವ ಗರಿಷ್ಠ ಸಂಖ್ಯೆ 32,767. ನಿಧಾನವಾಗಿ ವೇಗ ಪಡೆಯುತ್ತಿದ್ದ ಹಿಂದಿನ ಏರಿಯಾನ್-4ಕ್ಕೆ ಅದು ಸಾಕಾಗಿತ್ತು. ಹೊಸ ರಾಕೆಟ್ಟಿಗೆ ಸಾಲದಾಯಿತು. ಉಪಕರಣವು ದೋಷವನ್ನು ಗುರುತಿಸಿತು, ಕೆಲಸ ನಿಲ್ಲಿಸಿತು, ದೋಷದ ವಿವರವನ್ನೂ ಕಳುಹಿಸಿತು. ಅದರ ಜೊತೆಗಿದ್ದ ಇನ್ನೊಂದು ಉಪಕರಣವೂ ಅದೇ ಕಾರಣದಿಂದ ಆಗಲೇ ನಿಂತಿತ್ತು. ದುರಂತವೆಂದರೆ, ಮುಖ್ಯ ಗಣಕವು ಆ ವಿವರವನ್ನು ದೋಷಸಂದೇಶವೆಂದು ತಿಳಿಯದೆ, ರಾಕೆಟ್ಟಿನ ಸ್ಥಿತಿಯನ್ನು ಹೇಳುವ ಅಂಕಿಗಳೆಂದೇ ತಿಳಿದು, ಇಲ್ಲದ ಓರೆಯನ್ನು ಸರಿಪಡಿಸಲು ರಾಕೆಟ್ಟನ್ನು ತಿರುಗಿಸಿತು. ಸಂದೇಶ ಬಂದಿತ್ತು, ಓದಬೇಕಾದ ರೀತಿಯಲ್ಲಿ ಅದನ್ನು ಓದಲಿಲ್ಲ.

ಚಿಕ್ಕ ಪ್ರಮಾಣದಲ್ಲಿ ನಾವೂ ಇಂಥ ಕೆಲಸವನ್ನು ಮಾಡುವುದುಂಟು. ಯಾವ ದೋಷ ಬಂದರೂ ನುಂಗಿಕೊಂಡು ಮುಂದೆ ಹೋಗುವಂತೆ ಪ್ರೋಗ್ರಾಮನ್ನು ಬರೆಯುವುದು ಒಂದು. ಸಂದೇಶವನ್ನು ಓದದೆ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಿಸಿ ನೋಡುವುದು ಇನ್ನೊಂದು. ಎಲ್ಲವನ್ನೂ ಅಳಿಸಿ ಮೊದಲಿನಿಂದ ಬರೆಯುವುದು ಮತ್ತೊಂದು. ಇವುಗಳಿಂದ ಪ್ರೋಗ್ರಾಮ್ ಒಮ್ಮೊಮ್ಮೆ ಸರಿಹೋದರೂ ವಿದ್ಯೆ ಬೆಳೆಯದು.

ಇಂಗ್ಲಿಷಿನ ಭಯವೂ ಬೇಡ. ವಿದ್ಯಾರ್ಥಿಗೆ ಪ್ರತಿದಿನ ಎದುರಾಗುವ ಸಂದೇಶಗಳ ಬಗೆಗಳು ಹತ್ತು ಹನ್ನೆರಡನ್ನು ಮೀರುವುದು ಅಪರೂಪ. ಒಂದು ನೋಟ್‌ಬುಕ್ಕಿನಲ್ಲಿ ಎಡಗಡೆ ಸಂದೇಶವನ್ನೂ, ಬಲಗಡೆ ಅದರ ಕನ್ನಡದ ಅರ್ಥವನ್ನೂ, ಕೆಳಗೆ ‘ಹೊಂದದಿದ್ದ ಎರಡು ಮಾತುಗಳು ಯಾವುವು? ಅವುಗಳಲ್ಲಿ ತಪ್ಪಾದುದು ಯಾವುದು?’ ಎಂಬುದಕ್ಕೆ ಉತ್ತರವನ್ನೂ ಬರೆಯುತ್ತ ಬಂದರೆ, ಕೆಲವೇ ತಿಂಗಳುಗಳಲ್ಲಿ ಪುಟಗಳು ತಾವಾಗಿಯೇ ನಿಲ್ಲುವುವು. ಏಕೆಂದರೆ ಹೊಸ ಸಂದೇಶಗಳೇ ಕಡಮೆಯಾಗುವುವು. ಶಿಕಾರಿಪುರ, ಸೊರಬಗಳ ವಿದ್ಯಾರ್ಥಿಗಳಾದರೆ ಇನ್ನೊಂದು ಕೆಲಸವನ್ನೂ ಮಾಡಬಹುದು. ಹನ್ನೊಂದು, ಹನ್ನೆರಡನೆಯ ಶತಮಾನಗಳ ಶಾಸನಗಳಿಂದ ಶಕವರ್ಷವನ್ನೂ ಸಂವತ್ಸರವನ್ನೂ ಆರಿಸಿ, ಮೇಲಿನ ಪ್ರೋಗ್ರಾಮಿಗೆ ಒಂದೊಂದಾಗಿ ಕೊಟ್ಟು ತಾಳೆ ನೋಡಲಿ. ತಾಳೆಯಾಗದ ಕಲ್ಲು ಒಂದು ಸಿಕ್ಕಿದರೆ, ತಪ್ಪು ಪ್ರೋಗ್ರಾಮಿನದೋ, ಅಚ್ಚಿನ ಪುಸ್ತಕದ್ದೋ, ಕಲ್ಲಿನದೋ, ಅಥವಾ ಎಣಿಕೆಯ ಪದ್ಧತಿಯೇ ಬೇರೆಯೋ ಎಂದು ವಿಚಾರಿಸಲು ಆ ಊರಿಗೇ ಹೋಗಿ ಕಲ್ಲನ್ನು ಓದಬಹುದು.